ಮೌನೇಶ ಸೋಮವಾರ ಎಲ್ಲಿದ್ದ?

ಕಮ್ಮಾರ ಮೌನೇಶನ ಮೇಲೆ ಹಳೇ ಜಗಳದ ಕೇಸಿನಲ್ಲಿ ವಾರಂಟ್ ಬಂದಿತ್ತು. ಸೋಮವಾರ ದಫೇದಾರ ಚನ್ನವೀರಯ್ಯ ಬಿಸಿಲಿಗೆ ಹೆದರಿ ಠಾಣೆ ಬಿಟ್ಟು ಕದಲಲಿಲ್ಲ. “ದಿನವಿಡೀ ಹುಡುಕಿದೆ, ಆಸಾಮಿ ಊರಲ್ಲಿಲ್ಲ” ಎಂದು ಷರಾ ಬರೆದು ವಾರಂಟನ್ನು ಕೋರ್ಟಿಗೆ ವಾಪಸ್ ಕಳಿಸಿಬಿಟ್ಟ.

ಅದೇ ಸೋಮವಾರ ಪಂಚಾಯ್ತಿ ಪಂಪು ಕಳುವಾಗಿತ್ತು. ಗುಮಾನಿ ಮೌನೇಶನ ಮೇಲೆ. ದಫೇದಾರ ಅವನನ್ನು ಠಾಣೆಗೆ ಎಳೆತಂದು ಗದರಿಸಿದ.

“ಸೋಮವಾರ ಊರಾಗ ಇದ್ದೆ ಅಂತ ಒಪ್ಕೊ!”

“ಒಪ್ಕೋತೀನ್ರಿ ಸಾಹೇಬ್ರ. ಆದ್ರ ಇರಲಿಲ್ಲಂತ ನೀವ ಕೋರ್ಟಿಗೆ ಬರದೀರಂತ, ನಮ್ಮ ವಕೀಲರು ಹೇಳಿದ್ರು. ನಿಮ್ಮನ್ನ ಸುಳ್ಳ ಮಾಡ್ಲೇನ್ರಿ?”

ದಫೇದಾರನ ತಲೆ ಗಿರ್ರೆಂದಿತು. ಇವನು ಊರಲ್ಲಿದ್ದರೆ ತನ್ನ ನೌಕರಿ ಹೋಯಿತು, ಇಲ್ಲದಿದ್ದರೆ ಕಳ್ಳ ಕೈತಪ್ಪಿ ಹೋದ. ಕೊನೆಗೆ ದನಿ ಇಳಿಸಿ ಕೇಳಿದ: “ಹಂಗಾರ ಎಲ್ಲಿದ್ದ್ಯೋ ಮಾರಾಯ?”

“ಅದನ್ನ ನೀವ ಗೊತ್ತುಮಾಡ್ರಿ. ಅಲ್ಲೀತನಕ ಕುಲುಮ್ಯಾಗ ಇರ್ತೀನಿ. ಮತ್ತ ವಾರಂಟ್ ಬಂದ್ರ ಛತ್ರಿ ಹಿಡ್ಕೊಂಡು ಬರ್ರಿ, ಬಿಸಿಲು ಭಾಳ ಐತಿ.”