ಅಧ್ಯಕ್ಷರ ಡ್ಯೂಟಿ

ಆಸ್ಪತ್ರೆ ಸಮಿತಿಯ ಅಧ್ಯಕ್ಷ ತಿಪ್ಪೇರುದ್ರಪ್ಪನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚುನಾವಣೆಯಲ್ಲಿ ಅವರೆದುರು ನಿಂತವನು ಒಳಗೆ ವಾರ್ಡಿನಲ್ಲಿ ಮಲಗಿದ್ದ. ಅವನ ಕಾಯಿಲೆ ಏನೆಂದು ಊರಿಗೆಲ್ಲ ಸಾರಬೇಕಿತ್ತು.

"ಕಂಪ್ಯೂಟರಲ್ಲಿ ಎಲ್ಲ ರೋಗಿಗಳ ಫೈಲೂ ನನಗೆ ಕಾಣಬೇಕು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಗುಮಾಸ್ತೆ ಪಂಕಜಮ್ಮ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದಳು. "ಡ್ಯೂಟಿಯಲ್ಲಿರೋ ಡಾಕ್ಟರಿಗೆ ಮಾತ್ರ ಕಾಣುತ್ತೆ ಸಾರ್."

"ಹಾಗಾದ್ರೆ ನನ್ನನ್ನೂ ಡ್ಯೂಟಿಗೆ ಹಾಕು!"

ಪಂಕಜಮ್ಮ ಅವರ ಹೆಸರು, ಫೋನ್ ನಂಬರು ಎರಡನ್ನೂ ಡ್ಯೂಟಿ ಪಟ್ಟಿಗೆ ಸೇರಿಸಿದಳು. ಅಧ್ಯಕ್ಷರು ಎದುರಾಳಿಯ ಹೆಸರಿನ ಮೊದಲಕ್ಷರ ಒತ್ತುವಷ್ಟರಲ್ಲೇ ಫೋನ್ ಬಡಿದುಕೊಂಡಿತು.

"ಡಾಕ್ಟ್ರೇ, ಹೆರಿಗೆ ಶುರುವಾಯ್ತು, ಓಡಿ ಬನ್ನಿ!" ನರ್ಸಿನ ದನಿ.

ಅದನ್ನಿಟ್ಟರೆ ಇನ್ನೊಂದು ವಾರ್ಡಿನಿಂದ ಕರೆ. ಅಧ್ಯಕ್ಷರು ಬೆವರಿಹೋದರು. "ನನ್ನ ಹೆಸರು ತೆಗಿಯಮ್ಮ!"

"ಹೆಸರಿನ ಜೊತೆ ಫೈಲುಗಳೂ ಹೋಗುತ್ತವೆ ಸಾರ್."

"ಹೋಗ್ಲಿ ತಾಯಿ!" ಆ ದನಿ ಕೇಳಿದ್ದು, ಅಧ್ಯಕ್ಷರು ಆಗಲೇ ಓಡಿ ಇಳಿದಿದ್ದ ಮೆಟ್ಟಿಲ ಬುಡದಿಂದ.