ಲೈಟುಕಂಬದ ಲೈಟು ಮಾತು

ತಿರುವಿನ ಲೈಟುಕಂಬ ಉರಿಯದೆ ಒಂದು ತಿಂಗಳಾಗಿತ್ತು. ಒಂದು ಮುಸ್ಸಂಜೆ, ಕತ್ತಲಲ್ಲಿ ಕಾಣದೆ ಬೈಕೊಂದು ಬೀದಿನಾಯಿಯ ಹಿಂಗಾಲಿನ ಮೇಲೆ ಹತ್ತಿ ಹೋಯಿತು. ನಾಯಿ ಮೂರೇ ಕಾಲಲ್ಲಿ ಕುಂಟುತ್ತಾ ಕಂಬದ ಬುಡಕ್ಕೆ ಬಂದು ಕೇಳಿತು:

“ಸ್ವಾಮಿ, ನಿಮ್ಮ ಲೈಟಿಗೆ ಏನಾಯಿತು?”

“ಲೈಟಾಗಿ ಏನೋ ತೊಂದರೆ” ಎಂದಿತು ಕಂಬ.

“ನೀವು ಉರಿಯದೇ ಇದ್ದದ್ದಕ್ಕೆ ನನ್ನ ಕಾಲು ಮುರಿಯಿತು.”

“ನೋಡಿದೆ. ಲೈಟಾಗಿ ಏಟು ಬಿದ್ದಿದೆ, ಅಷ್ಟೇ.”

“ಇದು ಲೈಟೇ? ಮೂಳೆ ಆಚೆ ಬಂದಿದೆ, ಕಣ್ಣು ಕಾಣುವುದಿಲ್ಲವೇ?”

“ಇಷ್ಟಕ್ಕೆಲ್ಲ ಕೂಗಾಡಬಾರದು. ಲೈಟಾಗಿ ತಗೋ.”

ನಾಯಿಗೆ ಮೈಯೆಲ್ಲ ಉರಿದುಹೋಯಿತು. “ಬಾಯಿ ತೆರೆದರೆ ಲೈಟು, ಬಲ್ಬಿನಲ್ಲಿ ಮಾತ್ರ ಇಲ್ಲ! ಈ ಬೀದಿಯಲ್ಲಿ ಉರಿಯುತ್ತಿರುವುದು ನನ್ನ ಕಾಲೊಂದೇ!” ಎಂದು ಗುರುಗುಟ್ಟಿ, ಕಂಬಕ್ಕೆ ಮಗ್ಗುಲಾಗಿ ನಿಂತಿತು. ಕಾಲೆತ್ತುವ ಕಷ್ಟವೂ ಅದಕ್ಕಿರಲಿಲ್ಲ. ಮುರಿದ ಕಾಲು ಆಗಲೇ ಮೇಲಿತ್ತು.

“ಥೂ! ನನ್ನನ್ನು ಏನೆಂದುಕೊಂಡೆ? ನನಗೂ ಮಾನ ಮರ್ಯಾದೆ ಇದೆ!” ಎಂದು ಕಂಬ ಕಿರುಚಿತು.

ನಾಯಿ ಅವಸರ ಮಾಡಲಿಲ್ಲ. ಪೂರ್ತಿ ಮುಗಿಸಿ, ಹೊರಡುವ ಮುಂಚೆ ಹೇಳಿತು: “ಲೈಟಾಗಿ ತಗೊಳ್ಳಿ, ಸ್ವಾಮಿ.”