ಉಳಿದುಹೋದ ಬೋಲ್ಟು

ಹೊಲಿಗೆ ಶಾಲೆಯ ಮೇಡಂ ಕುಮುದಿನಿ ಹಳೆಯ ಕೆಂಪು ರೇಸ್ ಕಾರೊಂದನ್ನು ಮನೆಗೆ ತಂದು, ಪುಸ್ತಕ ನೋಡಿಕೊಂಡು ತಾವೇ ಬಿಚ್ಚಿ, ತೊಳೆದು, ಒಂದು ವರ್ಷದಲ್ಲಿ ಮತ್ತೆ ಜೋಡಿಸಿದರು. ಸ್ಪ್ಯಾನರ್ ಹಿಡಿದದ್ದು ಜೀವನದಲ್ಲಿ ಅದೇ ಮೊದಲು. ಎಂಜಿನ್ ಗುಡುಗಿದ ದಿನ ಅವರ ಸಂತೋಷಕ್ಕೆ ಮೇರೆಯೇ ಇರಲಿಲ್ಲ. ಆದರೆ ತಟ್ಟೆಯಲ್ಲಿ ಒಂದು ಬೋಲ್ಟು ಉಳಿದುಬಿಟ್ಟಿತ್ತು.

“ಅದನ್ನು ಆಚೆ ಎಸೆಯಿರಿ,” ಎಂದಿತು ಕಾರು. “ನಾನು ಹೊಳೆಯುತ್ತಿದ್ದೇನೆ, ಗುಡುಗುತ್ತಿದ್ದೇನೆ. ಬೆರಳುದ್ದದ ಕಬ್ಬಿಣಕ್ಕಾಗಿ ನಿಲ್ಲಬೇಕೆ?”

ಆ ಮಾತು ಕುಮುದಿನಿಯವರಿಗೂ ಹಿತವಾಗಿತ್ತು. ವರ್ಷವಿಡೀ ಕಾದ ಜೀವಕ್ಕೆ ಇವತ್ತೇ ಹೊರಡುವ ಆತುರ. ಆದರೂ ಬೋಲ್ಟನ್ನು ಎತ್ತಿಕೊಂಡು ಕೇಳಿದರು: “ನಿನ್ನ ಜಾಗ ಎಲ್ಲಪ್ಪಾ?”

“ಮರೆತಿದ್ದೇನೆ, ತಾಯಿ. ನನಗೂ ಒಂದು ಜಾಗ ಇತ್ತು ಅನ್ನುವುದಷ್ಟೇ ಗೊತ್ತು.”

ಅವರು ನಿಟ್ಟುಸಿರು ಬಿಟ್ಟು ಎಂಜಿನ್ ಆರಿಸಿದರು. ಕಾರು ಮುನಿಸಿಕೊಂಡಿತು. ಮೂರು ದಿನ ಕಾರಿನ ಅಡಿಯಲ್ಲಿ ಮಲಗಿ, ಒಂದೊಂದೇ ತೂತಿಗೆ ಬೋಲ್ಟನ್ನು ಹಿಡಿದು ನೋಡಿದರು. ನಾಲ್ಕನೆಯ ದಿನ ಸ್ಟೀರಿಂಗಿನ ಬುಡದಲ್ಲಿ ಖಾಲಿ ತೂತೊಂದು ಸಿಕ್ಕಿತು. ಬೋಲ್ಟು ಅದರೊಳಗೆ ಹೋಗಿ ಗಟ್ಟಿಯಾಗಿ ಕೂತಿತು.

ಭಾನುವಾರ ಬೆಳಿಗ್ಗೆ ಮೂವರೂ ಸೇರಿ ಘಾಟಿ ಇಳಿದರು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ, ಎದುರಿಗೆ ದೊಡ್ಡ ತಿರುವು. ಕಾರಿನ ದನಿ ಮೆತ್ತಗಾಯಿತು.

“ಬೋಲ್ಟಣ್ಣಾ, ಹಿಡಿದುಕೊಂಡಿದ್ದೀಯಾ?”

“ಹಿಡಿದುಕೊಂಡಿದ್ದೇನೆ. ನೀನು ಓಡು.”

ಕುಮುದಿನಿ ನಗುತ್ತಾ ಸ್ಟೀರಿಂಗ್ ತಿರುಗಿಸಿದರು. ಕಾರು ಅವರು ತಿರುಗಿಸಿದ ಕಡೆಗೇ ತಿರುಗಿತು.